ಕಿಟಕಿ ಪಕ್ಕದ ಸೀಟು: ಮೊದಲ ವಿಮಾನಯಾನದ ಬೆರಗನ್ನು ಕುರಿತು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಶಿವಮೊಗ್ಗೆಯ ಸಹೃದಯ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಂದು ಅಲ್ಲಿಂದ ಬೆಂಗಳೂರಿಗೆ ಸಂಚಾರ ಆರಂಭವಾದ ಮೇಲೆ ಈ ಊರಿನ ಮಾತುಕತೆಗೆ ಹೊಸದೊಂದು ವಿಷಯ ಸೇರಿಕೊಂಡಿದೆ. ಮದುವೆ ಮನೆಯ ಪಂಕ್ತಿಯಲ್ಲೋ ಅಡಿಕೆ ಮಂಡಿಯ ಜಗುಲಿಯಲ್ಲೋ ಯಾರಾದರೊಬ್ಬರು, ತುಸು ನಾಚಿಕೊಂಡೇ, ತಾವು ಮೊದಲ ಸಲ ವಿಮಾನ ಹತ್ತಿ ಬಂದ ಸಂಗತಿಯನ್ನು ಹೇಳುತ್ತಾರೆ. ಮೇಲೇರಿದ ಸ್ವಲ್ಪ ಹೊತ್ತಿಗೆ ವಿಮಾನ ಕೆಳಗೆ ಕುಸಿದಂತಾಯಿತು, ಮಧ್ಯದಲ್ಲಿ ಅದು ನಿಂತೇ ಹೋದಂತಿತ್ತು, ತಿರುಗುವಾಗ ಭೂಮಿಯೇ ಎದ್ದು ಕಿಟಕಿಗೆ ಬಂತು ಎಂದೆಲ್ಲ ವರ್ಣಿಸುತ್ತಾರೆ. ತಿಂಗಳಿಗೆ ನಾಲ್ಕು ಸಲ ಹಾರುವವರು ಅಲ್ಲಿದ್ದರೆ ಅದನ್ನು ಕೇಳಿ ನಸುನಗುತ್ತಾರೆ.

ಆ ನಸುನಗು ನನಗೆ ಸರಿ ಕಾಣುವುದಿಲ್ಲ. ಮೊದಲ ಸಲ ಹಾರಿದವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅವರು ಗಮನಿಸಿರುವುದು ಹೆಚ್ಚುಕಡಿಮೆ ಎಲ್ಲವೂ ನಿಜವಾಗಿ ನಡೆಯುವಂಥದ್ದೇ. ಕುಸಿದಂತಾಗುವುದಕ್ಕೆ ಕಾರಣವಿದೆ, ನಿಂತಂತೆ ಕಾಣುವುದಕ್ಕೆ ಲೆಕ್ಕವಿದೆ, ಭೂಮಿ ಕಿಟಕಿಗೆ ಏರಿ ಬರುವುದಕ್ಕೂ ನಮ್ಮ ಕಿವಿಯೊಳಗಿನ ಒಂದು ಏರ್ಪಾಟಿಗೂ ಸಂಬಂಧವಿದೆ. ಪದೇ ಪದೇ ಹಾರುವವರು ಇವನ್ನು ಅರ್ಥಮಾಡಿಕೊಂಡು ಬೆರಗನ್ನು ದಾಟಿದವರಲ್ಲ. ನೋಡುವುದನ್ನು ಬಿಟ್ಟವರು, ಅಷ್ಟೇ. ಕಾರಣ ತಿಳಿದರೆ ಬೆರಗು ಕರಗುತ್ತದೆ ಎಂಬ ಮಾತು ವಿಮಾನಯಾನದ ಮಟ್ಟಿಗಂತೂ ಸುಳ್ಳು ಎಂಬುದನ್ನು ಈ ಸಂಜೆ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಇದಕ್ಕೆ ಸಾಕ್ಷಿಯಾಗಿ ಮೊದಲು ಕರೆಯಬೇಕಾದವನು ಫ್ರಾನ್ಸಿನ ಭೌತವಿಜ್ಞಾನಿ ಜಾಕ್ ಶಾರ್ಲ್. ಅನಿಲದ ಗಾತ್ರಕ್ಕೂ ಉಷ್ಣತೆಗೂ ಇರುವ ಸಂಬಂಧವನ್ನು ಚಾರ್ಲ್ಸನ ನಿಯಮ ಎಂದು ನಮ್ಮ ಮಕ್ಕಳು ಇಂದಿಗೂ ಕಂಠಪಾಠ ಮಾಡುತ್ತಾರಲ್ಲ, ಆತನೇ. ಮನುಷ್ಯರು ಕಟ್ಟಿಲ್ಲದ ಬಲೂನಿನಲ್ಲಿ ಮೊದಲ ಬಾರಿಗೆ ಪ್ಯಾರಿಸ್ಸಿನ ಮೇಲೆ ಹಾರಿದ್ದು 1783ರ ನವೆಂಬರ್ 21ರಂದು. ಅದು ಮಾಂಗೊಲ್ಫಿಯೇ ಸಹೋದರರ ಬಿಸಿಗಾಳಿಯ ಬಲೂನು. ಹತ್ತು ದಿನಗಳ ಬಳಿಕ, ಡಿಸೆಂಬರ್ 1ರಂದು, ಶಾರ್ಲ್ ತಾನೇ ರೂಪಿಸಿದ ಜಲಜನಕದ ಬಲೂನಿನಲ್ಲಿ ಜೊತೆಗಾರನೊಬ್ಬನೊಂದಿಗೆ ಮೇಲೇರಿ, ಸುಮಾರು ಎರಡು ಗಂಟೆ ಹಾರಿ, ಸೂರ್ಯಾಸ್ತದ ಹೊತ್ತಿಗೆ ಊರಾಚೆಯ ಬಯಲಿನಲ್ಲಿ ಇಳಿದ. ಜೊತೆಗಾರ ಕೆಳಗಿಳಿದದ್ದರಿಂದ ಭಾರ ಕಡಿಮೆಯಾದ ಬಲೂನು ಶಾರ್ಲ್‌ನೊಬ್ಬನನ್ನೇ ಹೊತ್ತು ಮತ್ತೆ ಮೇಲಕ್ಕೆ ಚಿಮ್ಮಿ ಸುಮಾರು 3,000 ಮೀಟರ್ ಎತ್ತರಕ್ಕೆ ಹೋಯಿತು. ಕೆಳಗೆ ಆಗಲೇ ಕತ್ತಲು ಕವಿಯುತ್ತಿದ್ದರೆ ಅಲ್ಲಿ, ಆ ಎತ್ತರದಲ್ಲಿ, ಮುಳುಗಿದ್ದ ಸೂರ್ಯ ಆತನಿಗೆ ಮತ್ತೆ ಕಾಣಿಸಿದ, ಮತ್ತು ಆತನ ಕಣ್ಣೆದುರೇ ಎರಡನೆಯ ಸಲ ಮುಳುಗಿದ. ಒಂದೇ ದಿನದಲ್ಲಿ ಎರಡು ಸೂರ್ಯಾಸ್ತಗಳನ್ನು ಕಂಡವನೆಂಬ ಹೆಸರು ಆತನದಾಯಿತು. ಅದೇ ಹೊತ್ತಿಗೆ ಕಿವಿಯಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡಿತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆಂಬುದನ್ನು ಆ ಕಾಲದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಕೆಲವೇ ಮಂದಿ. ಆದರೂ ಶಾರ್ಲ್ ಮತ್ತೆಂದೂ ಹಾರಲಿಲ್ಲ. ಮೊದಲ ಹಾರಾಟದಲ್ಲಿ ಕಣ್ಣಿಗೆ ಸಿಗುವ ಬೆರಗೂ ದೇಹಕ್ಕಾಗುವ ದಿಗಿಲೂ ಒಟ್ಟಿಗೇ ಬರುತ್ತವೆ. ತಿಳಿವಳಿಕೆ ಎರಡನ್ನೂ ತಡೆಯಲಾರದು.

ನಮ್ಮ ದೇಶದಲ್ಲಿ ಬಹುಕಾಲ ವಿಮಾನವೆಂದರೆ ಕೆಳಗೆ ನಿಂತು ಕತ್ತೆತ್ತಿ ನೋಡುವ ವಸ್ತುವಾಗಿತ್ತು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆಯ ಆಚೆಗಿನ ನೈನಿಗೆ ಹಾನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಪತ್ರಗಳ ಚೀಲವನ್ನು ವಿಮಾನದಲ್ಲಿ ಒಯ್ದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮೇಲೆ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಹೀಗೆ ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದರ ತಂಗುದಾಣವಾಯಿತು. ಈ ವಿಮಾನಗಳಲ್ಲಿ ಪತ್ರಗಳಿಗೆ ಸಿಕ್ಕಷ್ಟು ಜಾಗ ಮನುಷ್ಯರಿಗೆ ಸಿಗುತ್ತಿರಲಿಲ್ಲ.

1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದು ಮುಂದೆ ಎಚ್.ಎ.ಎಲ್. ಆಯಿತು. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಹಾರಿತು. ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುತ್ತಲೇ ನಿವೃತ್ತರಾಗಿ, ತಾವು ಮಾತ್ರ ಒಮ್ಮೆಯೂ ವಿಮಾನ ಹತ್ತದೆ ಹೋದ ಕಾರ್ಮಿಕರು ಆ ನಗರದಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಟಿಕೆಟ್ಟಿನ ಬೆಲೆ ಹಾಗಿತ್ತು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ರೈಲಿನ ಮೇಲ್ದರ್ಜೆಯ ಪ್ರಯಾಣಿಕರು ಯೋಚಿಸಬಹುದಾದ ಬೆಲೆಗೆ ಟಿಕೆಟ್ ಮಾರಿದರು. 2017ರ ಏಪ್ರಿಲಿನಲ್ಲಿ, ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ ಶಿಮ್ಲಾದಿಂದ ದಿಲ್ಲಿಗೆ ಹಾರಿದ ನಂತರ ಬೀದರ್, ಕಲಬುರಗಿಗಳಂಥ ಊರುಗಳೂ ನಕ್ಷೆಗೆ ಬಂದವು. ಹೀಗಾಗಿ ಮೊದಲ ಸಲ ವಿಮಾನ ಏರುವವರು ಈಗ ಅರವತ್ತು, ಎಪ್ಪತ್ತು ದಾಟಿದವರೂ ಆಗಿರುತ್ತಾರೆ. ಒಂದು ಜಮೀನನ್ನು, ಒಂದು ಕೆರೆಯನ್ನು, ಒಂದು ಗುಡ್ಡದ ಸಾಲನ್ನು ಜೀವಮಾನವಿಡೀ ನೆಲದಿಂದ ನೋಡಿದವರು ಅವರು. ಅವರ ಬೆರಗು ಹುಡುಗರ ಬೆರಗಲ್ಲ, ಮತ್ತು ನನಗೆ ಅದರಲ್ಲೇ ಹೆಚ್ಚು ಆಸಕ್ತಿ.

ಈಗ ವಿಮಾನದೊಳಗೆ ಹೋಗೋಣ. ಇಲ್ಲಿಂದ ಬೆಂಗಳೂರಿಗೆ ಹೊರಡುವ ಎ.ಟಿ.ಆರ್.-72 ಜಾತಿಯ ವಿಮಾನವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಎಪ್ಪತ್ತಕ್ಕೂ ಹೆಚ್ಚು ಜನರನ್ನು ಒಯ್ಯುವ, ಎರಡು ಪ್ರೊಪೆಲ್ಲರುಗಳ ಈ ವಿಮಾನಕ್ಕೆ ಪ್ರಯಾಣಿಕರು ಹತ್ತುವುದು ಹಿಂಬದಿಯ ಬಾಗಿಲಿನಿಂದ. ಲಗೇಜು ಹೋಗುವುದು ಮುಂಬದಿಗೆ. ಬಸ್ಸಿನ ಅಭ್ಯಾಸದಿಂದ ಮುಂದಕ್ಕೆ ನಡೆದು ಹೋಗಿ ಬಾಗಿಲು ಹುಡುಕುವವರನ್ನು ಸಿಬ್ಬಂದಿ ಕೈ ತೋರಿಸಿ ಹಿಂದಕ್ಕೆ ಕಳುಹಿಸುತ್ತಿರುತ್ತಾರೆ.

ರನ್‌ವೇಯ ತುದಿಯಲ್ಲಿ ನಿಂತು ಎಂಜಿನುಗಳ ಪೂರ್ಣ ಬಲದೊಂದಿಗೆ ಓಡಲು ತೊಡಗಿದ ಕ್ಷಣದಿಂದ ನಮ್ಮ ದೇಹ ಸುಳ್ಳು ಸುದ್ದಿ ಕೊಡಲು ಆರಂಭಿಸುತ್ತದೆ. ಒಳಗಿವಿಯಲ್ಲಿ ಮೆತ್ತನೆಯ ಅಂಟಿನ ಪದರದ ಮೇಲೆ ಸುಣ್ಣದ ಅತಿ ಸಣ್ಣ ಹರಳುಗಳಿವೆ. ತಲೆ ಹಿಂದಕ್ಕೆ ವಾಲಿದರೆ ಆ ಹರಳುಗಳು ಹಿಂದಕ್ಕೆ ಜಾರುತ್ತವೆ, ಅದರಿಂದಲೇ ಮಿದುಳು ವಾಲಿದ್ದನ್ನು ತಿಳಿಯುತ್ತದೆ. ಆದರೆ ಮುಂದಕ್ಕೆ ಜೋರಾಗಿ ವೇಗ ಪಡೆದರೂ ಅವು ಹಾಗೆಯೇ ಹಿಂದಕ್ಕೆ ಜಾರುತ್ತವೆ. ಎರಡನ್ನೂ ಬೇರ್ಪಡಿಸುವ ಶಕ್ತಿ ಆ ಹರಳುಗಳಿಗಿಲ್ಲ. ನೆಲದ ಮೇಲೆ ನಡೆದು ಓಡಿ ಬದುಕಿದ ಪ್ರಾಣಿಗೆ ಅದು ಬೇಕಾಗಿಯೂ ಇರಲಿಲ್ಲ. ಆದ್ದರಿಂದ ಚಕ್ರಗಳು ಇನ್ನೂ ನೆಲದ ಮೇಲಿರುವಾಗಲೇ ಮೂತಿ ಮೇಲೆದ್ದಂತೆ ಅನೇಕರಿಗೆ ಭಾಸವಾಗುತ್ತದೆ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗ ಮುಟ್ಟಿದ ಮೇಲಷ್ಟೇ ಪೈಲಟ್ ನಿಜವಾಗಿ ಮೂತಿಯನ್ನು ಎತ್ತುತ್ತಾರೆ, ಮತ್ತು ಆ ಕ್ಷಣದಲ್ಲಿ ಚಕ್ರಗಳ ಗಡಗಡ ಸದ್ದು ಕತ್ತರಿಸಿದಂತೆ ನಿಲ್ಲುತ್ತದೆ. ಮೊದಲ ಸಲ ಹಾರುವವರು ಬಹುತೇಕ ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಸದ್ದು ನಿಂತ ಗಳಿಗೆಯನ್ನು.

ಅನಂತರ ಬರುವುದೇ ಆ ಪ್ರಸಿದ್ಧ ಕುಸಿತ. ನೆಲ ಬಿಟ್ಟು ಸ್ವಲ್ಪ ಎತ್ತರಕ್ಕೆ ಹೋದ ಮೇಲೆ, ಏರುವುದಕ್ಕೆ ಅಷ್ಟು ಬಲ ಬೇಡವಾದ್ದರಿಂದ, ಎಂಜಿನಿನ ಶಕ್ತಿಯನ್ನು ತಗ್ಗಿಸುತ್ತಾರೆ. ಎ.ಟಿ.ಆರ್. ವಿಮಾನದಲ್ಲಿ ಪ್ರೊಪೆಲ್ಲರುಗಳು ಸುತ್ತುವ ವೇಗವೇ ಸುಮಾರು ಐದನೆಯ ಒಂದು ಪಾಲಿನಷ್ಟು ಇಳಿಯುವುದರಿಂದ ಸದ್ದಿನ ಶ್ರುತಿ ಸ್ಪಷ್ಟವಾಗಿ ಕೆಳಗೆ ಬೀಳುತ್ತದೆ. ವಿಮಾನ ಆಗಲೂ ಏರುತ್ತಲೇ ಇರುತ್ತದೆ, ಏರುವ ರಭಸ ಮಾತ್ರ ತಗ್ಗಿರುತ್ತದೆ. ನಮ್ಮ ಒಳಗಿವಿ ವೇಗವನ್ನು ಅಳೆಯುವುದಿಲ್ಲ, ವೇಗದಲ್ಲಾಗುವ ಬದಲಾವಣೆಯನ್ನಷ್ಟೇ ಅಳೆಯುತ್ತದೆ. ಹಾಗಾಗಿ ಮೇಲೇರುವುದು ನಿಧಾನವಾದದ್ದನ್ನು ಅದು ಕೆಳಗೆ ಬಿದ್ದೆವೆಂದು ವರದಿ ಮಾಡುತ್ತದೆ. ಹೊಟ್ಟೆ ಝಲ್ಲೆನ್ನುತ್ತದೆ, ಕೈ ತಾನಾಗಿ ಸೀಟಿನ ಹಿಡಿಯನ್ನು ಬಿಗಿಯುತ್ತದೆ. ಎಂಜಿನ್ನು ಬಂದಾಯಿತೇ ಎಂದು ಪಕ್ಕದವರನ್ನು ಕೇಳುವವರಿದ್ದಾರೆ. ಕೇಳಿದವರನ್ನು ನೋಡಿ ನಗಬಾರದು. ಅವರು ಶ್ರುತಿಯ ವ್ಯತ್ಯಾಸವನ್ನು ಸರಿಯಾಗಿಯೇ ಗುರುತಿಸಿದ್ದಾರೆ.

ವಿಮಾನ ತಿರುಗುವಾಗ ಇದರ ತದ್ವಿರುದ್ಧ ನಡೆಯುತ್ತದೆ. ಒಂದು ಕಡೆಯ ಕಿಟಕಿಯ ತುಂಬ ಗದ್ದೆ ತೋಟಗಳು, ಇನ್ನೊಂದು ಕಡೆಯ ಕಿಟಕಿಯ ತುಂಬ ಬರೀ ಆಕಾಶ. ಕಣ್ಣು ವಿಮಾನ ಮಗುಚಿತೆನ್ನುತ್ತದೆ, ದೇಹ ಮಾತ್ರ ಏನೂ ಆಗಿಲ್ಲವೆನ್ನುತ್ತದೆ. ಸರಿಯಾಗಿ ವಾಲಿಸಿ ತಿರುಗಿಸಿದ ವಿಮಾನದಲ್ಲಿ ಭಾರ ಯಾವಾಗಲೂ ನೇರ ಸೀಟಿನ ಕಡೆಗೇ ಎಳೆಯುತ್ತದೆ, ಪಕ್ಕಕ್ಕಲ್ಲ. ಮುಂದಿನ ಮಡಿಕೆ ಮೇಜಿನ ಮೇಲೆ ಲೋಟದಲ್ಲಿ ನೀರಿದ್ದರೆ ನೋಡಬೇಕು. ಹೊರಗೆ ಕ್ಷಿತಿಜ ಓರೆಯಾಗಿ ನಿಂತಿರುವಾಗಲೂ ಆ ನೀರು ಲೋಟದ ಅಂಚಿಗೆ ಸಮನಾಗಿ, ಒಂದು ಹನಿ ಚೆಲ್ಲದೆ, ನಿಂತಿರುತ್ತದೆ. ಹಲವು ವರ್ಷ ಭೌತಶಾಸ್ತ್ರ ಪಾಠ ಮಾಡಿದವನಿಗೂ ಈ ಲೋಟದಿಂದ ಕಣ್ಣು ಕೀಳುವುದು ಕಷ್ಟ.

ಕಿವಿ ಕಟ್ಟುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಿವಿಯ ತಮಟೆಯ ಹಿಂದಿನ ಪೊಟರೆಯಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ಒಳಗಿನ ಗಾಳಿ ಅದರ ಮೂಲಕ ಸುಲಭವಾಗಿ ಹೊರಬರುತ್ತದೆ, ಆದರೆ ಹೊರಗಿನದು ಒಳಹೋಗುವುದು ಅಷ್ಟು ಸುಲಭವಲ್ಲ. ಅದಕ್ಕೇ ಏರುವಾಗಿನದಕ್ಕಿಂತ ಇಳಿಯುವಾಗ ನೋವು ಹೆಚ್ಚು, ಕೂಸುಗಳು ಅಳುವುದೂ ಆಗಲೇ. ನುಂಗಿದರೆ, ಆಕಳಿಸಿದರೆ ಆ ನಾಳ ತೆರೆಯುತ್ತದೆ. ಹಿಂದಿನ ಕಾಲದಲ್ಲಿ ಗಗನಸಖಿಯರು ತಟ್ಟೆಯಲ್ಲಿ ಪೆಪ್ಪರ್‌ಮಿಂಟು, ಹತ್ತಿ ಹಿಡಿದು ಬರುತ್ತಿದ್ದುದು ಇದಕ್ಕಾಗಿ. ಉಪಚಾರದ ವಿಷಯದಲ್ಲಿ ಆ ಕಾಲವೇ ವಾಸಿ.

ಈಗ, ಇಷ್ಟು ಭಾರದ ವಸ್ತು ನಿಲ್ಲುವುದಾದರೂ ಯಾವುದರ ಮೇಲೆ ಎಂಬ ಪ್ರಶ್ನೆ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಕ್ರಮಿಸಬೇಕು, ಕೆಳಗಿನ ಗಾಳಿಯೊಂದಿಗೆ ಒಟ್ಟಿಗೇ ಹಿಂಬದಿಯನ್ನು ಸೇರಬೇಕಾದ್ದರಿಂದ ಅದು ವೇಗವಾಗಿ ಓಡುತ್ತದೆ ಎಂಬ ವಿವರಣೆ ಬಹಳ ಪುಸ್ತಕಗಳಲ್ಲಿ ಅಚ್ಚಾಗಿದೆ. ಮೊದಲೇ ಒಪ್ಪಂದ ಮಾಡಿಕೊಂಡು ಬೇರ್ಪಟ್ಟ ಇಬ್ಬರು ಪ್ರಯಾಣಿಕರ ಹಾಗೆ ಎರಡು ಗಾಳಿಗಳು ಮತ್ತೆ ಸಂಧಿಸಬೇಕೆಂಬ ನಿಯಮ ಪ್ರಕೃತಿಯಲ್ಲೆಲ್ಲೂ ಇಲ್ಲ. ಪ್ರಯೋಗಶಾಲೆಯಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂಬದಿಯನ್ನು ತಲುಪಿರುತ್ತದೆ. ನಡೆಯುವುದಿಷ್ಟು: ತುಸು ಮೇಲಕ್ಕೆ ಓರೆಯಾದ ರೆಕ್ಕೆ ತನ್ನ ಮೇಲೂ ಕೆಳಗೂ ಹರಿಯುವ ಗಾಳಿಯನ್ನು ಬಾಗಿಸಿ ಕೆಳಕ್ಕೆ ದೂಡುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ದೂಡುತ್ತದೆ. ಹಾಗೆ ಬಾಗಿ ಹರಿಯುವಾಗ ರೆಕ್ಕೆಯ ಮೇಲೆ ಒತ್ತಡ ಕಡಿಮೆಯಾಗಿ ಕೆಳಗೆ ಹೆಚ್ಚಾಗಿರುತ್ತದೆ. ಇವೆರಡೂ ಒಂದೇ ಘಟನೆಯನ್ನು ಹೇಳುವ ಎರಡು ಬಗೆಗಳು.

ಇದಕ್ಕೊಂದು ಲೆಕ್ಕ ಹಾಕಿ ನೋಡೋಣ, ಏಕೆಂದರೆ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಈ ಲೆಕ್ಕವೇ. ತುಂಬಿದ ಎ.ಟಿ.ಆರ್.-72 ವಿಮಾನದ ತೂಕ ಸುಮಾರು 23 ಟನ್ನು. ಅದರ ರೆಕ್ಕೆಗಳ ವಿಸ್ತೀರ್ಣ 61 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರ್ ರೆಕ್ಕೆ ಹೊರುವ ಭಾರ ಹೆಚ್ಚುಕಡಿಮೆ 380 ಕಿಲೋಗ್ರಾಂ. ಒಂದು ಸಣ್ಣ ಚಾಪೆಯಷ್ಟು ಜಾಗದ ಮೇಲೆ ಆರು ಅಡಿಕೆ ಮೂಟೆಗಳಷ್ಟು ಭಾರ. ಅಬ್ಬಾ ಎನಿಸುತ್ತದೆ. ಆದರೆ ನಾವು ಕುಳಿತಿರುವ ಈ ಸಭಾಂಗಣದಲ್ಲಿ ವಾತಾವರಣ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಹತ್ತು ಟನ್ನಿನಷ್ಟು ಒತ್ತುತ್ತಲೇ ಇದೆ; ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುವುದರಿಂದ ನಮಗದರ ಅರಿವಿಲ್ಲ. ರೆಕ್ಕೆಯ ಮೇಲಿನ ಮತ್ತು ಕೆಳಗಿನ ಒತ್ತಡಗಳಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ ಉಂಟಾದರೆ ಸಾಕು, ಆ 23 ಟನ್ನುಗಳು ಎದ್ದು ನಿಲ್ಲುತ್ತವೆ. ನಾವು ಮುಳುಗಿ ಬದುಕುತ್ತಿರುವ ಗಾಳಿ ಎಂಥ ಬಲಶಾಲಿ ಎಂಬುದು ವಿಮಾನ ಏರಿದಾಗ ಮಾತ್ರ ಅನುಭವಕ್ಕೆ ಬರುತ್ತದೆ.

ಎತ್ತರಕ್ಕೆ ಹೋದ ಮೇಲೆ ಏನು ಕಾಣುತ್ತದೆಂಬುದಕ್ಕೆ ಬರುತ್ತೇನೆ. ಒಮ್ಮೆ ನನ್ನ ಪಕ್ಕದ ಸೀಟಿನಲ್ಲಿ ಹೊಸನಗರದ ಕಡೆಯ ಅಜ್ಜಿಯೊಬ್ಬರು ಕುಳಿತಿದ್ದರು. ಬೆಂಗಳೂರಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು. ಬೆಲ್ಟು ಕಟ್ಟಿಸಿಕೊಂಡಾಗಿನಿಂದ ಮಾತೇ ಆಡಿರಲಿಲ್ಲ. ವಿಮಾನ ಏರುವುದನ್ನು ಮುಗಿಸಿ ನೇರವಾದ ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮುಖ ತಿರುಗಿಸಿ, ದನಿ ತಗ್ಗಿಸಿ, “ಅಲ್ಲ ತಮ್ಮಾ, ಇದು ನಿಂತೇ ಬಿಡ್ತಾ ಎಂತ?” ಎಂದು ಕೇಳಿದರು. “ಇಲ್ಲ ಅಮ್ಮ, ಬಸ್ಸಿನ ಏಳೆಂಟು ಪಟ್ಟು ವೇಗದಲ್ಲಿ ಹೋಗುತ್ತಿದೆ” ಎಂದೆ. ಅವರು ಮತ್ತೊಮ್ಮೆ ಹೊರಗೆ ನೋಡಿ, “ನನಗಂತೂ ಹೋದ ಹಾಗೆ ಕಾಣೂದಿಲ್ಲಪ್ಪ” ಎಂದು ತಮ್ಮ ತೀರ್ಮಾನವನ್ನೇ ಉಳಿಸಿಕೊಂಡರು.

ಅಜ್ಜಿಯ ಮಾತಿನಲ್ಲಿ ದೋಷವಿಲ್ಲ. ಕಣ್ಣು ವೇಗವನ್ನು ತಿಳಿಯುವುದು ಹೊರಗಿನ ವಸ್ತುಗಳು ಎಷ್ಟು ಬೇಗ ದಿಕ್ಕು ಬದಲಿಸುತ್ತವೆ ಎಂಬುದರಿಂದ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕುಳಿತಾಗ ಐದು ಮೀಟರ್ ದೂರದ ಸಾಲುಮರ ಎದುರಿಗೆ ಬರುವ ಹೊತ್ತಿಗೆ ಸೆಕೆಂಡಿಗೆ ಸುಮಾರು 190 ಡಿಗ್ರಿಯ ರಭಸದಲ್ಲಿ ಹಿಂದಕ್ಕೆ ಓಡುತ್ತದೆ. ವಿಮಾನದ ವೇಗ ಗಂಟೆಗೆ 500 ಕಿಲೋಮೀಟರ್ ಇದ್ದರೂ ನೆಲ ನಾಲ್ಕು ಕಿಲೋಮೀಟರಿಗಿಂತ ಕೆಳಗಿರುವುದರಿಂದ ಅಲ್ಲಿನ ಊರು ಸೆಕೆಂಡಿಗೆ ಎರಡು ಡಿಗ್ರಿಯಷ್ಟೂ ಸರಿಯುವುದಿಲ್ಲ. ಕಣ್ಣಿನ ಮಟ್ಟಿಗೆ ವಿಮಾನ ಬಸ್ಸಿಗಿಂತ ನೂರು ಪಟ್ಟು ನಿಧಾನ. ಮೋಡವೊಂದರ ಅಂಚು ರೆಕ್ಕೆಯನ್ನು ಸವರಿಕೊಂಡು ಹೋದಾಗ ಮಾತ್ರ, ಒಂದೆರಡು ಕ್ಷಣ, ನಿಜವಾದ ವೇಗ ಬಯಲಾಗುತ್ತದೆ.

ಈ ನಿಧಾನವೇ ನಮಗೆ ನೆಲವನ್ನು ಓದುವ ಅವಕಾಶ ಕೊಡುತ್ತದೆ. ಮೋಡವಿಲ್ಲದ ದಿನ ಇಲ್ಲಿಂದ ಹೊರಟರೆ ಬಲಗಡೆಯ ಕಿಟಕಿಯವರಿಗೆ, ಕಾಡುಗುಡ್ಡಗಳ ನಡುವೆ ಬೆರಳುಗಳನ್ನು ಚಾಚಿದ ಭದ್ರಾ ಜಲಾಶಯ ಕಾಣಬಹುದು. ಕೆಳಗೆ ಅಡಿಕೆ ತೋಟಗಳು ಕಣಿವೆಯ ತಳವನ್ನು ಹಿಡಿದುಕೊಂಡು, ನೀರು ಹೋದ ದಾರಿಯಲ್ಲೇ ಬಳುಕಿಕೊಂಡು ಹೋಗುತ್ತವೆ. ತೋಟ ಎಲ್ಲಿ ಮುಗಿದು ಗುಡ್ಡದ ಬೆಟ್ಟಭೂಮಿ ಎಲ್ಲಿ ತೊಡಗುತ್ತದೆಂಬ ಗೆರೆ ಅಷ್ಟು ಎತ್ತರದಿಂದಲೂ ಸ್ಪಷ್ಟ. ಪೂರ್ವಕ್ಕೆ ಹೋದಂತೆ ಹಸಿರು ತೆಳುವಾಗುತ್ತ, ಕೆಂಪು ಮಣ್ಣು, ಬೂದು ಬಂಡೆ, ಮತ್ತೆ ತೆಂಗಿನ ತೋಟಗಳ ಚುಕ್ಕೆ ಸಾಲುಗಳು ಬರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ ಚಳ್ಳಕೆರೆಯ ಕಡೆ ಸುಮಾರು 500 ಮಿಲಿಮೀಟರ್ ಎಂಬುದನ್ನು ನಾವು ಭೂಗೋಳದಲ್ಲಿ ಓದಿದ್ದೇವೆ. ರಾತ್ರಿ ಬಸ್ಸಿನಲ್ಲಿ ಹೋಗುವವರು ಆ ವ್ಯತ್ಯಾಸವನ್ನು ನಿದ್ದೆಯಲ್ಲಿ ದಾಟುತ್ತಾರೆ. ವಿಮಾನದಲ್ಲಿ ಅದು ಅರ್ಧ ಗಂಟೆಯೊಳಗೆ, ಒಂದೇ ನೋಟದ ಎರಡು ತುದಿಗಳಾಗಿ, ಕಣ್ಣಿನ ಮುಂದೆ ಹಾದುಹೋಗುತ್ತದೆ.

ಬಯಲುಸೀಮೆಯ ಮೇಲೆ ಬಂದಾಗ ಕೆರೆಗಳನ್ನು ನೋಡಬೇಕು. ಪ್ರತಿ ಕೆರೆಗೂ ಒಂದು ಬದಿ ಗಟ್ಟಿ ಗೆರೆಯ ಏರಿ, ಇನ್ನೊಂದು ಬದಿ ಎಲ್ಲಿ ಮುಗಿಯುತ್ತದೆಂದು ಹೇಳಲಾಗದ ಹಾಗೆ ಹೊಲಗಳೊಳಗೆ ಕರಗಿಹೋಗುವ ನೀರು. ಏರಿಯ ಕೆಳಗೆ ಹಸಿರು ಅಚ್ಚುಕಟ್ಟು. ಆ ಅಚ್ಚುಕಟ್ಟು ಮುಗಿದ ಕಡೆ ಇನ್ನೊಂದು ಕೆರೆಯ ನೀರು ಆರಂಭವಾಗುತ್ತದೆ, ಅದರ ಕೆಳಗೆ ಮತ್ತೊಂದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತದೆಂಬುದನ್ನು ಆ ಊರುಗಳವರು ತಲೆಮಾರುಗಳಿಂದ ಬಲ್ಲರು. ಅದರ ಸಲುವಾಗಿ ಜಗಳವಾಡಿದ್ದಾರೆ, ಪಂಚಾಯಿತಿ ಸೇರಿಸಿದ್ದಾರೆ. ಆದರೆ ಹತ್ತಾರು ಕೆರೆಗಳ ಆ ಸರಪಣಿಯನ್ನು, ಮೊದಲ ಕೊಂಡಿಯಿಂದ ಕೊನೆಯ ಕೊಂಡಿಯವರೆಗೆ ಇಡಿಯಾಗಿ, ಕಟ್ಟಿದವರು ಯಾರೂ ನೋಡಲಿಲ್ಲ. ಅಳತೆಗೆ ಕೋಲು ಹಗ್ಗಗಳನ್ನು, ಮಟ್ಟಕ್ಕೆ ಹರಿವ ನೀರನ್ನೇ ನಂಬಿ, ನೆಲದ ಮೇಲೆ ನಿಂತೇ ಅವರು ಅಷ್ಟು ದೊಡ್ಡ ಚಿತ್ರವನ್ನು ತಪ್ಪಿಲ್ಲದೆ ಬರೆದರು. ನನ್ನ ಮಟ್ಟಿಗೆ, ಕರ್ನಾಟಕದ ಮೇಲೆ ಹಾರುವವರಿಗೆ ಕಾಣಸಿಗುವ ಅತಿ ದೊಡ್ಡ ಸೋಜಿಗ ಇದೇ. ಅದರ ಪಕ್ಕದಲ್ಲಿ ವಿಮಾನವೂ ಸಣ್ಣದೆನಿಸುತ್ತದೆ.

ಹಾರದೆಯೇ ಈ ನೋಟವನ್ನು ಊಹಿಸಿದವರಿದ್ದಾರೆ. ಕಾಳಿದಾಸ ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಿಂದ ಸೀತೆಗೆ ಭೂಮಿಯನ್ನು ತೋರಿಸುತ್ತಾನೆ. ಚಿತ್ರಕೂಟದ ಬಳಿ ಮಂದಾಕಿನಿ ನದಿ, ನಡುವಿನ ದೂರದಿಂದಾಗಿ ತೆಳುವಾಗಿ, ಭೂಮಿಯ ಕೊರಳಿನ ಮುತ್ತಿನ ಸರದಂತೆ ಕಾಣುತ್ತದೆ ಎನ್ನುತ್ತಾನೆ. ಮುತ್ತಿನ ಸರವನ್ನು ಯಾವ ಕವಿಯಾದರೂ ತರಬಹುದಿತ್ತು. ದೂರದಿಂದಾಗಿ ತೆಳುವಾಯಿತು ಎಂಬ ವಿವರ, ಮತ್ತು ಹರಿಯುವ ನದಿ ಅಲ್ಲಾಡದೆ ನಿಂತಂತಿದೆ ಎಂಬ ವಿವರ ಮಾತ್ರ ಬೇರೆ ಬಗೆಯವು. ಬೆಟ್ಟದ ಮೇಲಿಂದ ನೋಡಿದ್ದನ್ನು ಹತ್ತು ಪಟ್ಟು ಎತ್ತರಿಸಿ ಕಲ್ಪಿಸುವ ಶಿಸ್ತು ಅದರಲ್ಲಿದೆ. ಹಾಗೆಂದು ಪ್ರಾಚೀನರು ವಿಮಾನ ಕಟ್ಟಿದ್ದರೆಂದು ವಾದಿಸಬೇಕಾಗಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ, ಅದರಲ್ಲಿನ ಯಂತ್ರಗಳು ಹಾರಲಾರವೆಂದು 1974ರಲ್ಲೇ ತೋರಿಸಿದ್ದಾರೆ. ಕಾಳಿದಾಸನ ಪುಷ್ಪಕಕ್ಕೆ ಎಂಜಿನಿನ ಅಗತ್ಯವಿರಲಿಲ್ಲ, ಹಾಗಾಗಿ ಅದು ಇನ್ನೂ ಹಾರುತ್ತಿದೆ.

ಮೋಡಗಳ ಮೇಲೆ ಬಿಸಿಲಿನಲ್ಲಿ ಹಾರುವಾಗ ಸೂರ್ಯನಿಗೆ ಬೆನ್ನಾದ ಕಡೆಯ ಕಿಟಕಿಯಿಂದ ಕೆಳಗೆ ನೋಡಿದವರಿಗೆ ಇನ್ನೊಂದು ವಿಸ್ಮಯ ಕಾಣುತ್ತದೆ. ಬಿಳಿಯ ಮೋಡದ ಹಾಸಿನ ಮೇಲೆ ವಿಮಾನದ ಪುಟ್ಟ ನೆರಳು ಓಡುತ್ತಿರುತ್ತದೆ, ಅದರ ಸುತ್ತ ಬಣ್ಣಬಣ್ಣದ ಉಂಗುರಗಳು. ಹೊರಗಿನ ಉಂಗುರ ಕೆಂಪು. ವಿಜ್ಞಾನಿಗಳು ಇದನ್ನು ಗ್ಲೋರಿ ಎನ್ನುತ್ತಾರೆ. ಮೋಡದ ಅತಿ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ಉಂಟಾಗುವಂಥದ್ದು. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದ ಮೇಲೆ ಇಂಥ ಉಂಗುರಗಳನ್ನು ಕಂಡು ಮರುಳಾದ ಸಿ.ಟಿ.ಆರ್. ವಿಲ್ಸನ್, ಅವನ್ನು ಪ್ರಯೋಗಶಾಲೆಯಲ್ಲಿ ಉಂಟುಮಾಡಲು ಹೋಗಿ, ಪರಮಾಣುವಿನ ಕಣಗಳ ಜಾಡು ತೋರಿಸುವ ಮೇಘಕೋಷ್ಠವನ್ನು ನಿರ್ಮಿಸಿದರು. ಅದಕ್ಕೆ 1927ರಲ್ಲಿ ನೊಬೆಲ್ ಬಂತು. ಆ ಉಂಗುರಗಳ ಕೇಂದ್ರ ಎಲ್ಲಿರುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ವಿಮಾನ ಮೋಡಕ್ಕೆ ಹತ್ತಿರವಿದ್ದು ನೆರಳು ದೊಡ್ಡದಾಗಿದ್ದಾಗ ಗಮನಿಸಿದರೆ, ನೆರಳಿನಲ್ಲಿ ನೀವು ಕುಳಿತಿರುವ ಸೀಟು ಎಲ್ಲಿದೆಯೋ ಸರಿಯಾಗಿ ಅಲ್ಲೇ ಕೇಂದ್ರವಿರುತ್ತದೆ. ಹಿಂದಿನ ಸಾಲಿನವರಿಗೆ ಅವರ ಸೀಟು ಕೇಂದ್ರ, ಮುಂದಿನ ಸಾಲಿನವರಿಗೆ ಅವರದು. ಎಲ್ಲರೂ ನೋಡುತ್ತಿರುವುದು ಒಂದೇ ಉಂಗುರವಲ್ಲ.

ಅಂಜಿಕೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ವಿಷಯಕ್ಕೆ ಅನ್ಯಾಯವಾದೀತು. ಮಳೆಗಾಲದಲ್ಲಿ ಘಟ್ಟದ ಸೀಮೆಯ ಮೋಡಗಳೊಳಗೆ ವಿಮಾನ ಅದುರುತ್ತದೆ, ರೆಕ್ಕೆಯ ತುದಿ ಮೇಲೆ ಕೆಳಗೆ ಆಡುತ್ತದೆ. ಆಡಲೆಂದೇ ಅದನ್ನು ಹಾಗೆ ಮಾಡಿರುವುದು. ಹಾರಾಟದಲ್ಲಿ ಬರಬಹುದೆಂದು ಅಂದಾಜಿಸಿದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ರೆಕ್ಕೆ ತಡೆಯಲೇಬೇಕೆಂಬ ನಿಯಮವಿದೆ. 1995ರಲ್ಲಿ ಬೋಯಿಂಗ್ 777ರ ರೆಕ್ಕೆಗಳನ್ನು ಕಾರ್ಖಾನೆಯಲ್ಲಿ ಬೇಕೆಂದೇ ಮೇಲಕ್ಕೆ ಬಾಗಿಸುತ್ತ ಹೋದಾಗ ಅವು ಮುರಿದದ್ದು ಆ ಭಾರದ 154 ಪ್ರತಿಶತದಲ್ಲಿ. ಇದನ್ನು ತಿಳಿದವರ ಅಂಗೈಯೂ ಬೆವರುತ್ತದೆ, ಬೆವರಲಿ. ಸೊಂಟದ ಬೆಲ್ಟನ್ನು ಮಾತ್ರ ಬಿಚ್ಚಬಾರದು. ಅದುರುವಿಕೆಯಲ್ಲಿ ಗಾಯಗೊಳ್ಳುವವರು ಹೆಚ್ಚಾಗಿ ಬೆಲ್ಟು ಕಟ್ಟದವರೇ.

ನಿಮ್ಮಲ್ಲಿ ಇನ್ನೂ ಹಾರದವರಿಗೆ, ಅಥವಾ ಮನೆಯ ಹಿರಿಯರನ್ನು ಮೊದಲ ಸಲ ಕರೆದೊಯ್ಯುವವರಿಗೆ, ಕೆಲವು ಸೂಚನೆಗಳಿವೆ. ಸಾಧ್ಯವಾದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ, ಮಳೆ ತೊಳೆದ ಗಾಳಿ ತಿಳಿಯಾಗಿ ಕೆರೆಗಳು ತುಂಬಿರುವಾಗ, ಹಗಲು ಹೊತ್ತಿನ ವಿಮಾನ ಹಿಡಿಯಿರಿ. ಕಿಟಕಿಯ ಸೀಟನ್ನು ಅವರಿಗೆ ಬಿಡಿ. ಅಲ್ಲಿ ಕೂತು ಪರದೆ ಎಳೆದು ಮೊಬೈಲ್ ನೋಡುವವರು ಒಳಗಿನ ಸೀಟು ತೆಗೆದುಕೊಂಡರೆ ನಷ್ಟವೇನಿಲ್ಲ. ಎ.ಟಿ.ಆರ್. ವಿಮಾನದ ರೆಕ್ಕೆಗಳು ದೇಹದ ಮೇಲ್ಭಾಗಕ್ಕೆ ಜೋಡಣೆಯಾಗಿರುವುದರಿಂದ ಯಾವ ಸಾಲಿನಲ್ಲಿ ಕುಳಿತರೂ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಆದರೂ ರೆಕ್ಕೆಯ ಆಸುಪಾಸಿನ ಸಾಲು ಸಿಕ್ಕರೆ ಒಳ್ಳೆಯದು, ಏಕೆಂದರೆ ಅದರ ಚಕ್ರಗಳು ಹೊಟ್ಟೆಯ ಪಕ್ಕದಿಂದ ಹೊರಬರುವುದು ಅಲ್ಲಿಂದ ಕಾಣುತ್ತದೆ. ದೇವನಹಳ್ಳಿಯನ್ನು ಸಮೀಪಿಸುವಾಗ ಧಡ್ ಎಂಬ ಸದ್ದಿನೊಂದಿಗೆ ಅವು ತೆರೆದುಕೊಂಡು ಕೆಳಗಿಳಿದು ನಿಲ್ಲುತ್ತವೆ, ತಿರುಗದೆ, ಅಲ್ಲಾಡದೆ. ಅಷ್ಟು ಹೊತ್ತೂ ನಿಧಾನವಾಗಿದ್ದ ನೆಲ ಆಗ ಓಡಲು ತೊಡಗುತ್ತದೆ: ದ್ರಾಕ್ಷಿ ತೋಟ, ಪಾಲಿಹೌಸುಗಳ ಬಿಳಿ ಚಾವಣಿ, ರಸ್ತೆ, ಬೇಲಿ, ರನ್‌ವೇಯ ಬಿಳಿ ಪಟ್ಟೆಗಳು. ಚಕ್ರ ನೆಲ ಮುಟ್ಟಿದೊಡನೆ ರಬ್ಬರಿನ ಹೊಗೆ ಒಮ್ಮೆ ಬುಸ್ಸೆಂದು ಎದ್ದು ಹಿಂದಕ್ಕೆ ಹಾರುತ್ತದೆ, ಮತ್ತು ನಿಂತಿದ್ದ ಚಕ್ರ ಕಣ್ಣೆವೆ ಇಕ್ಕುವುದರೊಳಗೆ ವಿಮಾನದ ವೇಗಕ್ಕೆ ಸುತ್ತತೊಡಗುತ್ತದೆ. ಹಾರಿ ಬಂದ ವೇಗವೆಷ್ಟೆಂಬುದು ಕಣ್ಣಿಗೆ ನಿಜವಾಗಿ ಸಿಕ್ಕುವುದು ಅಲ್ಲೇ, ಆಗಲೇ.

ಇಷ್ಟು ಹೊತ್ತು ಸಾವಧಾನದಿಂದ ಕೇಳಿದ್ದೀರಿ. ಪ್ರಶ್ನೆಗಳಿದ್ದರೆ ಕೇಳಬಹುದು, ಇತ್ತೀಚೆಗೆ ಮೊದಲ ಸಲ ಹಾರಿ ಬಂದವರು ಈ ಸಭೆಯಲ್ಲಿದ್ದರೆ ಅವರು ಕಂಡದ್ದನ್ನು ಹೇಳಲಿ, ಕೇಳುವುದಕ್ಕೆ ನನಗೂ ಆಸೆಯಿದೆ. ಎಲ್ಲರಿಗೂ ನಮಸ್ಕಾರ.